ಒಂದು ಡಾಲರಿನ ಕಾರು

ಆ ಕಾರಿನ ಬೆನ್ನಲ್ಲಿ ಬೆಂಕಿ ಉಗುಳುವ ಕೊಳವೆಯೊಂದಿತ್ತು. ಟಿವಿ ಮುಂದೆ ಕೂತ ಮಕ್ಕಳಿಗೆ ಅದು ಅಣುಶಕ್ತಿಯಿಂದ ಓಡುವ ಟರ್ಬೈನ್. ಹತ್ತಿರ ಹೋಗಿ ನೋಡಿದವರಿಗೆ ಐದು ಗ್ಯಾಲನ್ ಡಬ್ಬಿಯೊಂದರ ತುದಿ ಕತ್ತರಿಸಿ ಕೂರಿಸಿದ ತಗಡು. ಬಾನೆಟ್ ಕೆಳಗಿದ್ದದ್ದು ಹೊತ್ತಲ್ಲದ ಹೊತ್ತಲ್ಲಿ ಕಾದು ನಿಂತುಬಿಡುತ್ತಿದ್ದ ಮಾಮೂಲಿ ಪೆಟ್ರೋಲ್ ಎಂಜಿನ್. ಇಷ್ಟಾದರೂ 2013ರ ಜನವರಿ 19ರಂದು ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ನಡೆದ ಹರಾಜಿನಲ್ಲಿ ಈ ಕಾರು 42 ಲಕ್ಷ ಡಾಲರಿಗೆ ಹೋಯಿತು. ಹರಾಜು ಕಂಪನಿಯ ಕಮಿಷನ್ ಸೇರಿಸಿದರೆ 46 ಲಕ್ಷದ 20 ಸಾವಿರ. ಮಾರಿದವರು ಜಾರ್ಜ್ ಬ್ಯಾರಿಸ್, ಆಗ 87ರ ಮುದುಕ. ಅವರು ಅದನ್ನು ಪಡೆದದ್ದು ಒಂದೇ ಒಂದು ಡಾಲರ್ ಕೊಟ್ಟು.

1966ರಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಶುರುವಾದ ‘ಬ್ಯಾಟ್‌ಮ್ಯಾನ್’ ಧಾರಾವಾಹಿಯ ಬ್ಯಾಟ್‌ಮೊಬೈಲ್ ಇದು. ಪ್ರದರ್ಶನಕ್ಕೆಂದೇ ಕಟ್ಟಿದ ಗಾಡಿಗಳಲ್ಲಿ ಇದಕ್ಕಿಂತ ಹೆಚ್ಚು ಜನ ಗುರುತು ಹಿಡಿಯುವ ಇನ್ನೊಂದು ಇರಲಾರದು. ಆದರೆ ಮಾಡಿದವರು ಯಾರು ಎಂದು ಕೇಳಿ ನೋಡಿ, ಬರುವುದು ಒಂದೇ ಹೆಸರು: ಬ್ಯಾರಿಸ್. ತಪ್ಪು ಉತ್ತರವೇನಲ್ಲ. ಆದರೆ ಆ ಒಂದು ಹೆಸರಿನ ಹಿಂದೆ ಮರೆಯಾಗಿ ಹೋದ ಕೈಗಳು ಹಲವು.

ಟ್ಯೂರಿನ್‌ನ ತಗಡು

1950ರ ದಶಕದ ಅಮೆರಿಕ. ಯುದ್ಧ ಮುಗಿದಿದೆ, ಜನರ ಕೈಯಲ್ಲಿ ಕಾಸು ಓಡಾಡುತ್ತಿದೆ, ಆಕಾಶದಲ್ಲಿ ಜೆಟ್ ವಿಮಾನಗಳು. ಕಾರು ಕಂಪನಿಗಳು ತಮ್ಮ ಮಾರಾಟದ ಕಾರುಗಳ ಜೊತೆಗೆ ಮಾರಾಟಕ್ಕೇ ಇಲ್ಲದ ಕಾರುಗಳನ್ನೂ ಕಟ್ಟತೊಡಗಿದವು. ‘ಕನಸಿನ ಕಾರು’ ಎಂದೇ ಅವಕ್ಕೆ ಹೆಸರು. ಜಾತ್ರೆಯ ತೇರಿನಂತೆ ಊರೂರು ಮೆರೆಯುವುದು, ಜನರನ್ನು ಮಳಿಗೆಗೆ ಸೆಳೆಯುವುದು, ಅಷ್ಟೇ ಅವುಗಳ ಕೆಲಸ. ಮುಂದಿನ ವರ್ಷ ಹೊಸದು ಬಂದರೆ ಹಳೆಯದಕ್ಕೆ ದಿಕ್ಕಿಲ್ಲ. ಎಷ್ಟೋ ಕನಸಿನ ಕಾರುಗಳನ್ನು ಕಂಪನಿಗಳೇ ಗುಜರಿಗೆ ಕಳಿಸಿ ಜಜ್ಜಿಸಿಬಿಟ್ಟವು. ಮಿಷಿಗನ್ ರಾಜ್ಯದ ಸ್ಟರ್ಲಿಂಗ್ ಹೈಟ್ಸ್‌ನ ಗುಜರಿ ಅಂಗಳವೊಂದರಲ್ಲಿ ಜನರಲ್ ಮೋಟಾರ್ಸ್‌ನ ಅಂಥ ಕೆಲವು ಕಾರುಗಳ ತುಂಡುಗಳು ದಶಕಗಳ ಕಾಲ ಬಿದ್ದಿದ್ದು, 1980ರ ದಶಕದ ಕೊನೆಗೆ ಸಂಗ್ರಾಹಕರ ಕಣ್ಣಿಗೆ ಬಿದ್ದವು.

ಫೋರ್ಡ್ ಕಂಪನಿಯ ದುಬಾರಿ ವಿಭಾಗವಾದ ಲಿಂಕನ್‌ನಲ್ಲಿ ಆಗ ವಿನ್ಯಾಸದ ಹೊಣೆ ಹೊತ್ತಿದ್ದವರು ಬಿಲ್ ಶ್ಮಿಟ್. ಬಹಾಮಾಸ್ ಕಡಲಲ್ಲಿ ಮುಳುಗು ಹಾಕಿದಾಗ ಕಂಡ ಶಾರ್ಕ್ ಮತ್ತು ತೊರಕೆ ಮೀನಿನ ಮೈಮಾಟ ಅವರ ತಲೆಯಲ್ಲಿ ಕೂತಿತ್ತಂತೆ. ಅವರೂ ಜಾನ್ ನಜ್ಜರ್ ಎಂಬ ಇನ್ನೊಬ್ಬ ವಿನ್ಯಾಸಕಾರರೂ ಸೇರಿ ರೂಪಿಸಿದ ಕಾರಿಗೆ ‘ಫ್ಯೂಚುರಾ’ ಎಂದು ಹೆಸರಿಟ್ಟರು. ಉದ್ದ ಹೆಚ್ಚುಕಡಿಮೆ 19 ಅಡಿ, ಅಗಲ 7 ಅಡಿ. ಹಿಂದೆ ಬಾಲದ ರೆಕ್ಕೆಗಳು ಚೂಪಾಗಿ ಹೊರಚಾಚಿವೆ. ಚಾಲಕನಿಗೊಂದು, ಪಕ್ಕದವರಿಗೊಂದು ಪಾರದರ್ಶಕ ಪ್ಲಾಸ್ಟಿಕ್ ಗುಮ್ಮಟ, ಥೇಟ್ ಯುದ್ಧವಿಮಾನದ್ದು. ಗುಮ್ಮಟ ಮುಚ್ಚಿ ಕೂತರೆ ಹಿಂದಿನ ಗಾಡಿಯ ಹಾರ್ನ್ ಕೇಳುವುದಿಲ್ಲವಲ್ಲ, ಅದಕ್ಕೆಂದು ಡಿಕ್ಕಿಯ ಮೇಲೆ ದುಂಡಗಿನ ಮೈಕ್ರೊಫೋನ್ ಕೂರಿಸಿದ್ದರು. ಹೊರಗಿನ ಸದ್ದು ಒಳಗೆ ಸ್ಪೀಕರಿನಲ್ಲಿ! ನಮ್ಮ ಊರುಗಳ ಟ್ರಾಫಿಕ್ಕಿನಲ್ಲಿ ಆ ಕಾರು ಹತ್ತು ನಿಮಿಷ ನಿಂತಿದ್ದರೆ ಒಳಗಿದ್ದವರ ಗತಿ ಏನಾಗುತ್ತಿತ್ತೋ.

ಕಾಗದದ ಮೇಲಿನ ಈ ಮೀನನ್ನು ಉಕ್ಕಿಗಿಳಿಸಿದವರು ಇಟಲಿಯ ಟ್ಯೂರಿನ್‌ನ ಗಿಯಾ ಕಾರ್ಖಾನೆಯವರು. ಯುದ್ಧದಿಂದ ಬಳಲಿದ್ದ ಇಟಲಿಯಲ್ಲಿ ಕೈ ಕೆಲಸ ಅಗ್ಗವಾಗಿ ಸಿಗುತ್ತಿತ್ತು. ಕೈಚಳಕಕ್ಕೆ ಮಾತ್ರ ಬಡತನವಿರಲಿಲ್ಲ. ಮರದ ಅಚ್ಚಿನ ಮೇಲೆ ತಗಡನ್ನಿಟ್ಟು, ಬಡಿದು ಬಡಿದು, ಉಜ್ಜಿ ಉಜ್ಜಿ ಆಕಾರ ಹೊರಡಿಸುವುದು ಅಲ್ಲಿಯ ಪದ್ಧತಿ. ಅಮೆರಿಕದ ಎಷ್ಟೋ ಕನಸಿನ ಕಾರುಗಳು ಹೀಗೆ ಟ್ಯೂರಿನ್‌ನಲ್ಲೇ ಹುಟ್ಟಿ ಹಡಗು ಹತ್ತಿ ಬಂದವು. ಎಲ್ಲಕ್ಕೂ ದಡ ಸೇರುವ ಭಾಗ್ಯವಿರಲಿಲ್ಲ. ಇದೇ ಗಿಯಾ ಕ್ರೈಸ್ಲರ್ ಕಂಪನಿಗೆಂದು ಕಟ್ಟಿದ ‘ನಾರ್ಸ್‌ಮನ್’ ಎಂಬ ಕಾರು, ಒಂದು ಪ್ರದರ್ಶನವನ್ನೂ ಕಾಣದೆ, 1956ರ ಜುಲೈನಲ್ಲಿ ಆಂಡ್ರಿಯಾ ಡೋರಿಯಾ ಹಡಗಿನೊಂದಿಗೆ ಅಟ್ಲಾಂಟಿಕ್ ತಳ ಸೇರಿತು.

ಫ್ಯೂಚುರಾ ಅದೃಷ್ಟದ ಕಾರು. ಅದಕ್ಕೆ ತಗುಲಿದ ಖರ್ಚು ಎರಡೂವರೆ ಲಕ್ಷ ಡಾಲರ್ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಮುತ್ತಿನ ಹೊಳಪಿನ ನಸುನೀಲಿ ಬಿಳುಪು ಬಣ್ಣ ಹೊದ್ದು 1955ರ ಜನವರಿಯಲ್ಲಿ ಚಿಕಾಗೊ ಮೋಟಾರು ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಬರಿಯ ಬೊಂಬೆಯಲ್ಲ, ಓಡುವ ಕಾರು. ನ್ಯೂಯಾರ್ಕಿನ ಬೀದಿಗಳಲ್ಲೂ ಓಡಿಸಿ ತೋರಿಸಿದರು. ಒಂದೆರಡು ವರ್ಷ ಊರು ಸುತ್ತಿತು, ಸಂಭ್ರಮ ಮುಗಿಯಿತು. 1959ರಲ್ಲಿ ಗ್ಲೆನ್ ಫೋರ್ಡ್, ಡೆಬ್ಬಿ ರೆನಾಲ್ಡ್ಸ್ ನಟಿಸಿದ ‘ಇಟ್ ಸ್ಟಾರ್ಟೆಡ್ ವಿತ್ ಎ ಕಿಸ್’ ಚಿತ್ರದಲ್ಲಿ ಮತ್ತೊಮ್ಮೆ ಮುಖ ತೋರಿಸಿತು. ಆ ಬಿಳುಪು ಕ್ಯಾಮೆರಾಕ್ಕೆ ಹೊಂದುವುದಿಲ್ಲವೆಂದು ಕೆಂಪು ಬಳಿದರು. ಆಮೇಲೆ ಕೇಳುವವರೇ ಇಲ್ಲ. ಕೊನೆಗೆ ಅದು ಬಂದು ಬಿದ್ದದ್ದು ಕ್ಯಾಲಿಫೋರ್ನಿಯಾದಲ್ಲಿ, ಜಾರ್ಜ್ ಬ್ಯಾರಿಸ್‌ನ ಗ್ಯಾರೇಜಿನ ಹಿತ್ತಿಲಲ್ಲಿ. ಕಾಗದದ ಮೇಲೆ ಬೆಲೆ, ಹೆಸರಿಗಷ್ಟೇ, ಒಂದು ಡಾಲರ್.

ಗ್ಯಾರೇಜಿನ ರಾಜ

ಗಾಡಿಯನ್ನು ತನಗೆ ಬೇಕಾದಂತೆ ತಿದ್ದಿಸಿಕೊಳ್ಳುವ ಗೀಳು ಅಮೆರಿಕದವರದಷ್ಟೇ ಅಲ್ಲ. 1910ರಲ್ಲಿ ಕಲ್ಕತ್ತದಲ್ಲಿದ್ದ ಬ್ರಿಟಿಷ್ ಶ್ರೀಮಂತ ಮ್ಯಾಥ್ಯೂಸನ್ ಎಂಬಾತ ಇಂಗ್ಲೆಂಡಿನ ಬ್ರೂಕ್ ಕಂಪನಿಯಿಂದ ಹಂಸದಾಕಾರದ ಕಾರು ಮಾಡಿಸಿ ತರಿಸಿದ್ದ. ಆ ಹಂಸ ಕೊಕ್ಕಿನಿಂದ ಬಿಸಿನೀರು ಚಿಮ್ಮಿಸುತ್ತ ಬೀದಿಗಿಳಿದಾಗ ಜನ ದಿಕ್ಕಾಪಾಲಾಗಿ, ಪೊಲೀಸರು ಅದನ್ನು ರಸ್ತೆಗೆ ತರಬೇಡಿ ಎಂದರಂತೆ. ಮುಂದೆ ಅದು ನಾಭಾ ಮಹಾರಾಜರ ಪಾಲಾಗಿ, ಈಗ ನೆದರ್‌ಲೆಂಡ್ಸ್‌ನ ಹೇಗ್ ನಗರದ ಲೌಮನ್ ವಸ್ತುಸಂಗ್ರಹಾಲಯದಲ್ಲಿದೆ.

ಅದು ದುಡ್ಡಿದ್ದವರ ಆಟ. ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದು ಬೇರೆ. ಅಲ್ಲಿಯ ಹುಡುಗರು ಸೆಕೆಂಡ್‌ಹ್ಯಾಂಡ್ ಫೋರ್ಡ್, ಮರ್ಕ್ಯುರಿ ಕೊಂಡು ಅದರ ಮೇಲೆ ಗ್ಯಾಸ್ ಕಟರ್ ಇಟ್ಟರು. ಕಂಬಗಳನ್ನು ನಾಲ್ಕಾರು ಇಂಚು ಕತ್ತರಿಸಿ ಛಾವಣಿಯನ್ನು ತಗ್ಗಿಸಿ ಮತ್ತೆ ಬೆಸೆಯುವುದು, ಬಾಗಿಲ ಹಿಡಿಕೆ ಕಿತ್ತು ತೂತು ಮುಚ್ಚುವುದು, ಬಾಡಿಯನ್ನು ನೆಲಕ್ಕೆ ತಾಗುವಷ್ಟು ಇಳಿಸುವುದು. ಈಗಿನಂತೆ ಪುಟ್ಟಿ ಇರಲಿಲ್ಲ. ಬೆಸುಗೆಯ ಸಂದುಗಳಿಗೆ ಸೀಸ ಕರಗಿಸಿ ತುಂಬಿ, ಮರದ ಪಟ್ಟಿಯಿಂದ ಸವರಿ, ಅರ ಹಾಕಿ ನುಣುಪು ಮಾಡುತ್ತಿದ್ದರು. ನಮ್ಮಲ್ಲಿ ಯಾರಾದರೂ ಹಾಗೆ ಮಾಡಿ ಆರ್‌ಟಿಒ ಕಚೇರಿಗೆ ಹೋದರೆ ಕೆಲಸ ಕೆಟ್ಟಂತೆ. ಕಂಪನಿ ಕೊಟ್ಟ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ತಿದ್ದಿದ ಗಾಡಿಯನ್ನು ನೋಂದಾಯಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿದೆ.

ಜಾರ್ಜ್ ಬ್ಯಾರಿಸ್ ಮತ್ತು ಅವನ ಅಣ್ಣ ಸ್ಯಾಮ್ ಗ್ರೀಕ್ ವಲಸಿಗರ ಮಕ್ಕಳು. ಚಿಕ್ಕಂದಿನಲ್ಲೇ ತಂದೆತಾಯಿ ಇಲ್ಲವಾಗಿ ಕ್ಯಾಲಿಫೋರ್ನಿಯಾದ ನೆಂಟರ ಮನೆಯಲ್ಲಿ ಬೆಳೆದವರು. ಯುದ್ಧ ಮುಗಿದ ಮೇಲೆ ಲಾಸ್ ಏಂಜಲೀಸ್ ಸುತ್ತಮುತ್ತ ಅಂಗಡಿ ತೆರೆದರು. ಕೆಲಸ ಬಲ್ಲವರ ಮಾತು ಕೇಳಿದರೆ ತಗಡಿನ ಕಲೆ ಇದ್ದದ್ದು ಸ್ಯಾಮ್‌ನ ಕೈಯಲ್ಲಿ. ಜಾರ್ಜ್‌ನ ಕಲೆ ಬಣ್ಣದಲ್ಲಿ, ಅದಕ್ಕಿಂತ ಹೆಚ್ಚಾಗಿ ಬಾಯಲ್ಲಿ. ಫೋಟೊ ತೆಗೆದು, ಲೇಖನ ಬರೆದು ಪತ್ರಿಕೆಗೆ ಕೊಡುವುದು, ಪ್ರದರ್ಶನಕ್ಕೆ ಕಾರು ಕಳಿಸುವುದು, ಸಿನಿಮಾದವರ ಸಂಗ ಮಾಡುವುದು ಎಲ್ಲ ಅವನದೇ. 1951ರ ಮಾಡೆಲ್‌ನ ಒಂದು ಮರ್ಕ್ಯುರಿಯನ್ನು ಅಣ್ಣತಮ್ಮಂದಿರು ಬಾಬ್ ಹಿರೊಹಾಟ ಎಂಬ ಗಿರಾಕಿಗೆ ತಿದ್ದಿಕೊಟ್ಟರು. ಹಸಿರು ಬಣ್ಣದ ಆ ಕಾರು ಈ ಕಸುಬಿನ ಮಾದರಿ ಎನಿಸಿತು. 1959ರಲ್ಲಿ ಶಾಲಾ ಹುಡುಗನೊಬ್ಬ ಅದನ್ನು 500 ಡಾಲರಿಗೆ ಕೊಂಡ. 2022ರಲ್ಲಿ ಅದಕ್ಕೆ 19.5 ಲಕ್ಷ ಡಾಲರ್ ಹರಾಜು ಕೂಗಿತು. ಸ್ಯಾಮ್ 1950ರ ದಶಕದಲ್ಲೇ ಅಂಗಡಿ ಬಿಟ್ಟು ಊರಿಗೆ ಹಿಂದಿರುಗಿದ, 1967ರಲ್ಲಿ ತೀರಿಕೊಂಡ. ಅಂಗಡಿಯ ಹೆಸರಿನಲ್ಲಿ ಉಳಿದದ್ದು ಜಾರ್ಜ್ ಒಬ್ಬನೇ. 1963ರಲ್ಲಿ ಪತ್ರಕರ್ತ ಟಾಮ್ ವುಲ್ಫ್ ‘ಎಸ್ಕ್ವೈರ್’ ಪತ್ರಿಕೆಗೆ ಬರೆದ ದೀರ್ಘ ಲೇಖನ ಅವನನ್ನು ಮೆಕ್ಯಾನಿಕ್ ಸಾಲಿನಿಂದೆಬ್ಬಿಸಿ ಕಲಾವಿದರ ಸಾಲಿನಲ್ಲಿ ಕೂರಿಸಿತು.

ಮೂರು ವಾರದ ಬಾವಲಿ

ಬ್ಯಾಟ್‌ಮ್ಯಾನ್ 1939ರಲ್ಲಿ ಕಾಮಿಕ್ಸ್‌ನಲ್ಲಿ ಹುಟ್ಟಿದಾಗ ಅವನಿಗಿದ್ದದ್ದು ಸಾದಾ ಕೆಂಪು ಕಾರು. ಬ್ಯಾಟ್‌ಮೊಬೈಲ್ ಎಂಬ ಹೆಸರು ಬಂದದ್ದು 1941ರಲ್ಲಿ. ಕಾಲು ಶತಮಾನದ ಮೇಲೆ ನಿರ್ಮಾಪಕ ವಿಲಿಯಂ ಡೋಝಿಯರ್ ಅದನ್ನು ಟಿವಿಗೆ ತರಲು ಹೊರಟಾಗ ಕಾರು ಬೇಕಾಯಿತು. ಕೆಲಸ ಮೊದಲು ಹೋದದ್ದು ಬ್ಯಾರಿಸ್‌ಗಲ್ಲ, ಡೀನ್ ಜೆಫ್ರೀಸ್ ಎಂಬ ಇನ್ನೊಬ್ಬ ನುರಿತ ಕಸುಬುದಾರನಿಗೆ. ಆತ 1959ರ ಕ್ಯಾಡಿಲಾಕ್ ಒಂದನ್ನು ತಂದು ಕೆಲಸವನ್ನೂ ಶುರುಮಾಡಿದ್ದ. ಅಷ್ಟರಲ್ಲಿ ವಾಹಿನಿಯವರು ಲೆಕ್ಕಾಚಾರ ಬದಲಿಸಿದರು: 1966ರ ಕೊನೆಗೆ ಬರಬೇಕಿದ್ದ ಧಾರಾವಾಹಿ ಜನವರಿಯಲ್ಲೇ ಬೇಕು. ಅಷ್ಟು ಬೇಗ ಆಗದು ಎಂದ ಜೆಫ್ರೀಸ್ ಕೈಬಿಟ್ಟ. ಸ್ಟುಡಿಯೊದವರು ಬ್ಯಾರಿಸ್ ಬಾಗಿಲು ತಟ್ಟಿದರು.

ಬ್ಯಾರಿಸ್‌ನ ಹಿತ್ತಿಲಲ್ಲಿ ಫ್ಯೂಚುರಾ ಬಿಸಿಲು ಕಾಯುತ್ತ ನಿಂತಿತ್ತು. ಬಾಲದಲ್ಲಿ ಆಗಲೇ ರೆಕ್ಕೆಗಳಿದ್ದವು, ನೆತ್ತಿಯ ಮೇಲೆ ಗುಮ್ಮಟಗಳಿದ್ದವು. ಶಾರ್ಕನ್ನು ಬಾವಲಿ ಮಾಡುವುದೊಂದೇ ಬಾಕಿ. ಆ ಕಾರನ್ನು ಕಂಡು ಇದೇ ಸರಿ ಎಂದು ಹೊಳೆದದ್ದು ಬ್ಯಾರಿಸ್‌ನ ದೊಡ್ಡ ಕಾಣಿಕೆ. ಅದನ್ನು ಯಾರೂ ಕಿತ್ತುಕೊಳ್ಳಲಾರರು. ಹರ್ಬ್ ಗ್ರಾಸ್ ಎಂಬ ವಿನ್ಯಾಸಕಾರ ಚಿತ್ರ ಬರೆದುಕೊಡುವ ಕೆಲಸದಲ್ಲಿದ್ದ. ತಗಡು ಕೆಲಸವನ್ನು ಬ್ಯಾರಿಸ್ ಹೊರಗೆ ಕೊಟ್ಟ. ಅದನ್ನು ಮಾಡಿದವನು ಬಿಲ್ ಕುಶನ್‌ಬೆರಿ.

ಕುಶನ್‌ಬೆರಿ ಮಾಡಿದ್ದೇನು ಎಂಬುದನ್ನು ಚಿತ್ರವೊಂದನ್ನು ಎದುರಿಗಿಟ್ಟುಕೊಂಡು ನೋಡಬೇಕು. ಹಿಂದಿನ ರೆಕ್ಕೆಗಳನ್ನು ಬಾಗಿಲಿನವರೆಗೂ ಮುಂದಕ್ಕೆಳೆದು, ಅವುಗಳ ಹಿಂದಂಚನ್ನು ಬಾವಲಿಯ ರೆಕ್ಕೆಯಂತೆ ಅಲೆಅಲೆಯಾಗಿ ಕತ್ತರಿಸಿದ್ದಾನೆ. ಚಕ್ರದ ಮೇಲಿನ ಕಮಾನುಗಳನ್ನು ಕೊಯ್ದು ತೆರೆದು ಅಂಚು ಹೊರಡಿಸಿದ್ದಾನೆ. ಮೂತಿಯನ್ನು ಬಾವಲಿ ಮುಖವಾಗಿಸಿ ಹೆಡ್‌ಲೈಟುಗಳನ್ನು ಕಣ್ಣಿನ ಗುಳಿಗೆ ತಳ್ಳಿದ್ದಾನೆ. ಗುಮ್ಮಟಗಳ ನೆತ್ತಿ ಹಾರಿಹೋಗಿದೆ. ಮುಂದಿನ, ಹಿಂದಿನ ಭಾಗಗಳಷ್ಟೇ ಉಳಿದು ನಡುವೆ ಕಮಾನು, ಅದರ ಮೇಲೆ ಮಿಣುಕುವ ದೀಪ. ಇಷ್ಟೆಲ್ಲ ಆದಮೇಲೂ ಕಾರಿನ ಮಗ್ಗುಲು ನೋಡಿದರೆ ಟ್ಯೂರಿನ್‌ನಲ್ಲಿ ಬಡಿದ ಉದ್ದನೆಯ ಗೆರೆ ಹಾಗೇ ಇದೆ. ಪೂರ್ತಿ ಹೊಸದು ಮಾಡಲು ಸಮಯವಿದ್ದಿದ್ದರೆ ಇಷ್ಟು ಚೆಂದದ ಕಾರು ಬರುತ್ತಿರಲಿಲ್ಲವೇನೊ. ಆತುರವೇ ಅದನ್ನು ಉಳಿಸಿತು.

ಎಷ್ಟು ದಿನದ ಕೆಲಸ? ಹದಿನೈದು ದಿನ, ಹದಿನೈದು ಸಾವಿರ ಡಾಲರ್ ಎಂದು ಬ್ಯಾರಿಸ್ ಹೇಳಿಕೊಂಡು ಬಂದರು. ಮೂರು ವಾರ ಎಂಬ ಲೆಕ್ಕವೂ ಇದೆ. 1965ರ ಅಕ್ಟೋಬರಿನಲ್ಲಿ ಚಿತ್ರೀಕರಣಕ್ಕೆ ಹೊರಡುವಾಗ ಕಾರಿಗೆ ಇನ್ನೂ ಪೂರ್ತಿ ಬಣ್ಣ ಬಿದ್ದಿರಲಿಲ್ಲ. ಆಮೇಲೆ ಮೈತುಂಬ ಮಿರುಗುವ ಕಪ್ಪು, ಅಂಚಿಗೆಲ್ಲ ಕಣ್ಣು ಕುಕ್ಕುವ ಚೆರಿಗೆಂಪು ಗೆರೆ ಬಂತು. ಟಿವಿಗಳು ಬಣ್ಣಕ್ಕೆ ತಿರುಗುತ್ತಿದ್ದ ಕಾಲ. ಆ ಗೆರೆಯಿಲ್ಲದಿದ್ದರೆ ಕರಿ ಕಾರು ಪರದೆಯ ಮೇಲೆ ಕರಿ ಮುದ್ದೆಯಾಗುತ್ತಿತ್ತು.

1966ರ ಜನವರಿ 12ರಂದು ಮೊದಲ ಕಂತು. ವಾರಕ್ಕೆರಡು ರಾತ್ರಿ. ಪ್ರತಿ ಸಲ ಗುಹೆಯಿಂದ ಕಾರು ಬಾಣದಂತೆ ಚಿಮ್ಮುವುದನ್ನು ನೋಡಲೆಂದೇ ಮಕ್ಕಳು ಕಾದಿರುತ್ತಿದ್ದರು. ಗುಹೆ ಇದ್ದದ್ದು ಲಾಸ್ ಏಂಜಲೀಸ್‌ನ ಗ್ರಿಫಿತ್ ಉದ್ಯಾನದ ಬ್ರಾನ್ಸನ್ ಕಣಿವೆಯಲ್ಲಿ, ಹಳೆಯ ಕಲ್ಲು ಕ್ವಾರಿಯ ಸುರಂಗ. ಏಳಡಿ ಅಗಲದ ಕಾರು ಗೋಡೆಗೆ ಉಜ್ಜದೆ ಹೊರಬರಬೇಕಾದರೆ ಆಮೆಯ ನಡಿಗೆಯೇ ಗತಿ. ಕ್ಯಾಮೆರಾವನ್ನು ನಿಧಾನ ತಿರುಗಿಸಿ ಪರದೆಯ ಮೇಲೆ ವೇಗ ತಂದರು. ಟೈರುಗಳು ಸಿಡಿಯುತ್ತಿದ್ದವು, ಬ್ಯಾಟರಿ ಇಳಿದು ಹೋಗುತ್ತಿತ್ತು, ಎಂಜಿನ್ ಕಾಯುತ್ತಿತ್ತು. ಕೊನೆಗೆ ಅದನ್ನು ಕಿತ್ತು ಫೋರ್ಡ್ ಗ್ಯಾಲಕ್ಸಿಯ ಎಂಜಿನ್ ಕೂರಿಸಿದರು. ಹಿಂದಿನ ಎರಡು ಪ್ಯಾರಾಚೂಟ್ ಬಿಚ್ಚಿ ಗರ್ರನೆ ತಿರುಗುವ ದೃಶ್ಯ ಎಲ್ಲರಿಗೂ ಪ್ರಿಯ. ಬಿಚ್ಚಿಬಿದ್ದ ಪ್ಯಾರಾಚೂಟನ್ನು ಎತ್ತಿಕೊಂಡು ಹೋಗಲು ಒಂದು ಪ್ರತ್ಯೇಕ ವ್ಯಾನ್ ಇದೆ ಎಂದು ಕಥೆಯಲ್ಲೇ ಸೇರಿಸಿದ ಬರಹಗಾರರ ಹಾಸ್ಯಪ್ರಜ್ಞೆ ಮೆಚ್ಚಬೇಕು. ರಸ್ತೆಯಲ್ಲಿ ಕಸ ಬಿಟ್ಟು ಹೋಗುವ ವೀರ ವೀರನೇ ಅಲ್ಲ, ಅಲ್ಲವೆ?

ಅಚ್ಚು ಮತ್ತು ಹಕ್ಕು

ಬ್ಯಾರಿಸ್‌ನ ವ್ಯಾಪಾರಬುದ್ಧಿ ಕಂಡದ್ದು ಕರಾರಿನಲ್ಲಿ. ಕಾರನ್ನು ಸ್ಟುಡಿಯೊಗೆ ಮಾರಲಿಲ್ಲ, ಬಾಡಿಗೆಗೆ ಕೊಟ್ಟ. ಅಸಲು ಕಾರಿನಿಂದ ಅಚ್ಚು ತೆಗೆದು, ಉದ್ದ ಮಾಡಿದ ಗ್ಯಾಲಕ್ಸಿ ಚಾಸಿಗಳ ಮೇಲೆ ಫೈಬರ್‌ಗ್ಲಾಸಿನ ಮೂರು ಪ್ರತಿಗಳನ್ನು ಕಟ್ಟಿಸಿದ. ಒಂದನ್ನು ಡ್ರ್ಯಾಗ್ ರೇಸಿನ ಮೈದಾನಗಳಲ್ಲಿ ಹೊಗೆಯೆಬ್ಬಿಸಿ ಓಡಿಸಿ ತೋರಿಸುತ್ತಿದ್ದರು. ಅಸಲಿ ಕಾರು ಹಾಲಿವುಡ್ಡಿನಲ್ಲಿ ಚಿತ್ರೀಕರಣದಲ್ಲಿರುವಾಗಲೇ ದೂರದ ಊರುಗಳ ಜನ ದುಡ್ಡು ಕೊಟ್ಟು ಬ್ಯಾಟ್‌ಮೊಬೈಲ್ ನೋಡಿ ಬರುತ್ತಿದ್ದರು. ಫೈಬರ್ ಮೈ ಬಿರುಕು ಬಿಟ್ಟಾಗ ಮುಚ್ಚಲು ಕಪ್ಪು ಮಖಮಲ್ಲಿನಂಥ ನವಿರು ಹೊದಿಕೆ ಅಂಟಿಸಿದ್ದೂ ಉಂಟು. ಬ್ರಿಟನ್ನಿನ ಕಾರ್ಗಿ ಕಂಪನಿ 1966ರಲ್ಲಿ ತಂದ ಆಟಿಕೆ ಕಾರು ಲಕ್ಷಗಟ್ಟಲೆ ಮಾರಾಟವಾಯಿತು. ಅದೇ ವರ್ಷ ಕಾರಿನ ವಿನ್ಯಾಸದ ಪೇಟೆಂಟ್ ಕೂಡ ಬಂತು. ಯಾರ ಹೆಸರಿಗೆ ಎಂದು ಬೇರೆ ಹೇಳಬೇಕಿಲ್ಲ.

120 ಕಂತುಗಳಾಗಿ 1968ರ ಮಾರ್ಚಿನಲ್ಲಿ ಧಾರಾವಾಹಿ ನಿಂತಿತು. ಕಾರು ಬ್ಯಾರಿಸ್ ಬಳಿಯೇ ಉಳಿಯಿತು. ಸಾಮಾನ್ಯವಾಗಿ ಸಿನಿಮಾ ಗಾಡಿಗಳು ಎರಡು ವರ್ಷದಲ್ಲಿ ಗುಜರಿ ಸೇರುವ ಊರಿನಲ್ಲಿ, ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದನ್ನು ಕಾಪಾಡಿದ ಋಣ ದೊಡ್ಡದು.

ಇತ್ತ ಕಸುಬಿನವರೊಳಗೆ ಗೊಣಗಾಟ ನಿಲ್ಲಲಿಲ್ಲ. ಬೇರೆಯವರು ಮಾಡಿದ್ದನ್ನೂ ಬ್ಯಾರಿಸ್ ತನ್ನದೆನ್ನುತ್ತಾನೆ ಎಂಬ ದೂರು ಈ ಕಾರಿಗೆ ಮಾತ್ರ ಸೀಮಿತವಾಗಿರಲಿಲ್ಲ. ಈ ಜಗಳದಲ್ಲಿ ನನ್ನ ಒಲವು ಸುತ್ತಿಗೆ ಹಿಡಿದವರ ಕಡೆಗೇ. ಆದರೂ ಒಂದು ಮಾತು ಒಪ್ಪಬೇಕು: ನಾಟಕ ಕಂಪನಿಯ ಮಾಲೀಕನಿಲ್ಲದಿದ್ದರೆ ಪರದೆ ಬರೆದ ಕಲಾವಿದನ ಕೆಲಸ ಊರಿಗೆ ಕಾಣುವುದಿಲ್ಲ. ಶ್ಮಿಟ್ ಮತ್ತು ನಜ್ಜರ್ ಅವರ ಫ್ಯೂಚುರಾ ಎಷ್ಟೇ ಚೆಂದವಿದ್ದರೂ ಐದಾರು ವರ್ಷದಲ್ಲಿ ಹಿತ್ತಿಲು ಸೇರಿತ್ತಲ್ಲ.

ಹಕ್ಕಿನ ಪ್ರಶ್ನೆ ಕೋರ್ಟಿಗೂ ಹೋಯಿತು, ಬೇರೆ ದಾರಿಯಿಂದ. ಕ್ಯಾಲಿಫೋರ್ನಿಯಾದ ಗ್ಯಾರೇಜ್ ಮಾಲೀಕನೊಬ್ಬ ಬ್ಯಾಟ್‌ಮೊಬೈಲ್‌ನ ತದ್ರೂಪುಗಳನ್ನು ಕಟ್ಟಿ ಸುಮಾರು 90 ಸಾವಿರ ಡಾಲರಿಗೊಂದರಂತೆ ಮಾರುತ್ತಿದ್ದ. ಕಾಮಿಕ್ಸ್‌ನ ಒಡೆತನವಿದ್ದ ಡಿಸಿ ಕಂಪನಿ ದಾವೆ ಹೂಡಿತು. ಕಾರು ಎಂದರೆ ಬಳಸುವ ವಸ್ತು, ವಸ್ತುವಿನ ಆಕಾರಕ್ಕೆ ಕೃತಿಸ್ವಾಮ್ಯ ಎಲ್ಲಿಂದ ಬಂತು ಎಂಬುದು ಅವನ ವಾದ. 2015ರಲ್ಲಿ ಅಮೆರಿಕದ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಬ್ಯಾಟ್‌ಮೊಬೈಲ್ ಬರಿಯ ವಾಹನವಲ್ಲ, ಒಂದು ಪಾತ್ರ. ರೂಪ ಬದಲಾದರೂ ಅದರ ಸ್ವಭಾವ ಒಂದೇ. ಜೇಮ್ಸ್ ಬಾಂಡ್, ಗಾಡ್ಜಿಲಾಗಳಿಗಿರುವ ರಕ್ಷಣೆ ಅದಕ್ಕೂ ಉಂಟು ಎಂದಿತು. ಮರುವರ್ಷ ಸುಪ್ರೀಂ ಕೋರ್ಟ್ ಆ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಹೀಗೆ ಕಾನೂನಿನ ಕಣ್ಣಲ್ಲಿ ಕಾರು ಪಾತ್ರಧಾರಿಯಾಯಿತು, ಪಾತ್ರ ಕಂಪನಿಯದಾಯಿತು. ಕುಶನ್‌ಬೆರಿ ಕೊಯ್ದ ರೆಕ್ಕೆಯ ಅಂಚು ಯಾರದು ಎಂದು ಕೇಳಲು ಅಲ್ಲಿ ಜಾಗವಿರಲಿಲ್ಲ.

ಆ ತೀರ್ಪು ಬಂದ ವರ್ಷವೇ, ನವೆಂಬರ್ 5ರಂದು, ಬ್ಯಾರಿಸ್ ತೀರಿಕೊಂಡರು. ಕಾರು ಮಾರಿ ಮೂರು ವರ್ಷವೂ ಆಗಿರಲಿಲ್ಲ. ಹರಾಜಿನಲ್ಲಿ ಅದನ್ನು ಕೊಂಡವರು ಅರಿಜೋನಾದ ಒಬ್ಬ ಉದ್ಯಮಿ. ಇಂಡಿಯಾನಾ ರಾಜ್ಯದ ಲೋಗನ್ಸ್‌ಪೋರ್ಟ್‌ನಲ್ಲಿ ಒಂದು ಕಾರ್ಖಾನೆ ಡಿಸಿಯ ಪರವಾನಗಿ ಪಡೆದೇ ಹೊಸ ಪ್ರತಿಗಳನ್ನು ಕಟ್ಟುತ್ತಿದೆ. ದುಡ್ಡಿದ್ದವರು ಆರ್ಡರ್ ಕೊಡಬಹುದು.

ನನ್ನನ್ನು ಕೇಳಿದರೆ ಅಸಲಿ ಕಾರಿನ ಮುಂದಿನ ಫಲಕ ಉದ್ದವಾಗಬೇಕು. ವಿನ್ಯಾಸ: ಶ್ಮಿಟ್ ಮತ್ತು ನಜ್ಜರ್. ತಗಡು: ಗಿಯಾ ಕಾರ್ಖಾನೆಯ ಕೆಲಸಗಾರರು, ಟ್ಯೂರಿನ್. ಬಾವಲಿ ರೂಪ: ಗ್ರಾಸ್, ಕುಶನ್‌ಬೆರಿ. ಕೊನೆಗೆ ಪ್ರದರ್ಶಕರು: ಜಾರ್ಜ್ ಬ್ಯಾರಿಸ್. ಒಂದು ಡಾಲರ್ ಕೊಟ್ಟವರ ಹೆಸರನ್ನು ಬೇಕಾದರೆ ದಪ್ಪಕ್ಷರದಲ್ಲೇ ಬರೆಯಲಿ, ಉಳಿದವರದೂ ಓದುವಷ್ಟಾದರೂ ಇರಲಿ.